ಮೊರಾಕೊ ಟೀ, ಲೆಮನ್ ಮಿಂಟ್, ದೂಗ್, ಸೆಕಂಜಬೀನ್: ನಮ್ಮ ಅಡುಗೆಮನೆಯಲ್ಲಿ ಕುದುರುವ ಪುದೀನ ಯಾವುದು?

ಮಾರ್ಚ್‌ನಲ್ಲಿ ಮಗಳ ಮನೆಗೆಂದು ದುಬೈಗೆ ಹೋಗಿದ್ದೆವು. ಮಧ್ಯೆ ಆರು ದಿನ ಅವಳೇ ಮೊರಾಕೊಗೂ ಕರೆದುಕೊಂಡು ಹೋದಳು. ಒಟ್ಟು ಐದು ವಾರ. ನಾನು ಚಿಕ್ಕಮಗಳೂರಿನವಳು. ಬೆಳಿಗ್ಗೆ ಡಿಕಾಕ್ಷನ್ ವಾಸನೆ ಮೂಗಿಗೆ ಬಡಿಯದಿದ್ದರೆ ಹಾಸಿಗೆಯಿಂದ ಏಳುವುದೇ ಕಷ್ಟ. ಅಂಥವಳು ಐದು ವಾರ ಹೋದಲ್ಲೆಲ್ಲ ಪುದೀನ ಕುಡಿದು ಬಂದೆ. ಮರಾಕೆಶ್‌ನಲ್ಲಿ ಬಿಸಿ ಬಿಸಿ ಟೀ. ದುಬೈನ ಲೆಬನಾನಿ ಹೋಟೆಲಿನಲ್ಲಿ ಐಸ್ ಹಾಕಿ ರುಬ್ಬಿದ ಲೆಮನ್ ಮಿಂಟ್. ಇರಾನಿ ಹೋಟೆಲಿನಲ್ಲಿ ಮಜ್ಜಿಗೆಯಂಥ ದೂಗ್. ಮಗಳ ಪಕ್ಕದ ಫ್ಲ್ಯಾಟಿನ ಇರಾನಿ ಅಜ್ಜಿಯ ಮನೆಯಲ್ಲಿ ಹುಳಿ ಸಿಹಿ ಪಾಕದ ಶರಬತ್ತು ಸೆಕಂಜಬೀನ್.

ಊರಿಗೆ ಬಂದ ಮೇಲೆ ನಾಲ್ಕನ್ನೂ ಮಾಡಲು ಹೊರಟೆ. ಮೊದಲ ತಿಂಗಳು ಮಾಡಿದ್ದರಲ್ಲಿ ಅರ್ಧ ಸಿಂಕಿಗೆ ಹೋಯಿತು. ಆಮೇಲೆ ಒಂದು ವಿಷಯ ಗೊತ್ತಾಯಿತು. ಕೆಲವು ಪಾನೀಯ ನಮ್ಮ ಸಂತೆಯ ಸಾಮಾನಿನಲ್ಲೇ ಸಲೀಸಾಗಿ ಆಗುತ್ತವೆ. ಕೆಲವಕ್ಕೆ ಒಂದೇ ಒಂದು ಸಾಮಾನು ತಪ್ಪಿದರೂ ಬೇರೇನೋ ಆಗಿಬಿಡುತ್ತದೆ. ನೀವೂ ಹೊರಗೆಲ್ಲೋ ಕುಡಿದು ಬಂದು "ಇದನ್ನ ಮನೆಯಲ್ಲಿ ಮಾಡಬೇಕಲ್ಲ" ಅಂತ ಕೂತಿದ್ದರೆ, ಯಾವುದರಿಂದ ಶುರು ಮಾಡಬೇಕು, ಯಾವುದಕ್ಕೆ ದುಡ್ಡು ಹಾಕಬೇಕು, ಯಾವುದನ್ನು ಸುಮ್ನೆ ಬಿಟ್ಟುಬಿಡಬೇಕು ಅಂತ ಹೇಳುತ್ತೇನೆ.

ಮೊದಲು ಸೊಪ್ಪು ಮೂಸಿ ನೋಡಿ

ಸಂತೆಯಲ್ಲಿ 10 ರೂಪಾಯಿಗೆ ಒಂದು ಕಟ್ಟು ಪುದೀನ ಸಿಗುತ್ತದೆ. ಪುದೀನ ಅಂದರೆ ಪುದೀನ, ಅದರಲ್ಲೇನು ಅಂತ ನಾನೂ ಅಂದುಕೊಂಡಿದ್ದೆ. ಹಾಗಲ್ಲ. ಮೊರಾಕೊದಲ್ಲಿ 'ನಾನಾ' ಅಂತ ಕರೆಯುವುದು ಸ್ಪಿಯರ್‌ಮಿಂಟ್ ಜಾತಿಯ ಪುದೀನ. ಅದರ ವಾಸನೆಗೆ ಮುಖ್ಯ ಕಾರಣ ಕಾರ್ವೋನ್ ಎಂಬ ವಸ್ತು. ಸ್ವಲ್ಪ ಸಿಹಿ ಸಿಹಿ, ಮೆತ್ತಗಿನ ವಾಸನೆ. ಪೆಪ್ಪರ್‌ಮಿಂಟ್ ಬೇರೆ, ಅದರಲ್ಲಿ ಮೆಂಥಾಲ್ ಜಾಸ್ತಿ. ಬಾಯಿಗೆ ಹಾಕಿದರೆ ಗಂಟಲು ತಣ್ಣಗಾದಂತೆ ಅನ್ನಿಸುತ್ತದೆ. ನಿಜವಾಗಿ ಏನೂ ತಣ್ಣಗಾಗಿರುವುದಿಲ್ಲ, ನಾಲಿಗೆಯಲ್ಲಿ ತಂಪನ್ನು ಗುರುತಿಸುವ ನರಗಳನ್ನು ಮೆಂಥಾಲ್ ಕೆಣಕುತ್ತದೆ ಅಷ್ಟೆ.

ನಮ್ಮ ಪೇಟೆಯ ಪುದೀನ ಹೆಚ್ಚಾಗಿ ಸ್ಪಿಯರ್‌ಮಿಂಟ್ ಕಡೆಯದೇ. ಆದರೂ ಒಂದೊಂದು ಸಲ ಮೆಂಥಾಲ್ ಹೊಡೆಯುವ ಕಟ್ಟು ಬಂದುಬಿಡುತ್ತದೆ. ಅಂಗಡಿಯಲ್ಲೇ ಒಂದು ಎಲೆ ಕಿತ್ತು ಅಂಗೈಯಲ್ಲಿ ಉಜ್ಜಿ ಮೂಸಿ. ನೆಗಡಿ ಮುಲಾಮಿನ ನೆನಪಾದರೆ ಟೀಗೆ ಬೇಡ, ಚಟ್ನಿಗೂ ಅಷ್ಟಕ್ಕಷ್ಟೆ. ಬಾಯಲ್ಲಿ ನೀರೂರಿದರೆ ತಗೊಳ್ಳಿ. ಇಷ್ಟು ಮಾಡಿದರೆ ಅರ್ಧ ಕೆಲಸ ಆಯಿತು.

ಇಲ್ಲೊಂದು ಸ್ವಾರಸ್ಯ ಇದೆ. ಸಬ್ಬಸಿಗೆ ಬೀಜದ ವಾಸನೆಗೂ ಕಾರ್ವೋನೇ ಕಾರಣ. ಅಣು ಒಂದೇ, ಆದರೆ ಕನ್ನಡಿಯಲ್ಲಿ ಕಂಡ ಹಾಗೆ ತಿರುಗುಮುರುಗು. ಎಡಗೈ ಬಲಗೈ ಇದ್ದಂತೆ. ಮೂಗು ಮಾತ್ರ ಎರಡನ್ನೂ ಬೇರೆ ಬೇರೆ ಅಂತ ಕಂಡುಹಿಡಿಯುತ್ತದೆ. ಇದನ್ನು ಹೇಳಿದರೆ ಅತ್ತೆ ನಂಬಲಿಲ್ಲ. "ಸಬ್ಬಸಿಗೆ ಎಲ್ಲಿ, ಪುದೀನ ಎಲ್ಲಿ" ಅಂದರು.

ಮೊರಾಕೊ ಟೀ: ಆಸೆ ದೊಡ್ಡದು, ಕೆಲಸವೂ ದೊಡ್ಡದು

ನಾಲ್ಕರಲ್ಲಿ ಎಲ್ಲರಿಗೂ ಮಾಡಬೇಕೆನ್ನಿಸುವುದು ಇದೇ. ಮರಾಕೆಶ್‌ನ ಜಮಾ ಎಲ್ ಫ್ನಾ ಚೌಕದ ಮೇಲಿನ ಒಂದು ಮಹಡಿ ಹೋಟೆಲಿನಲ್ಲಿ ಹುಡುಗ ಕೆತ್ತನೆಯ ಕೂಜ ತಂದು, ಕೈಯನ್ನು ತಲೆಗಿಂತ ಮೇಲೆತ್ತಿ, ಪುಟ್ಟ ಗಾಜಿನ ಲೋಟಕ್ಕೆ ಸುರಿದ. ಒಂದು ಹನಿ ಹೊರಗೆ ಬೀಳಲಿಲ್ಲ. ನಮ್ಮಲ್ಲಿ ಕಾಫಿಯನ್ನು ಲೋಟದಿಂದ ಬಟ್ಟಲಿಗೆ ಎತ್ತಿ ಹುಯ್ಯುತ್ತೇವಲ್ಲ, ಹೆಚ್ಚುಕಡಿಮೆ ಅದೇ ಕೈಚಳಕ. ಮೇಲಿನಿಂದ ಸುರಿಯುವುದು ಬರೀ ಶೋಕಿಗಲ್ಲ. ಗಾಳಿ ಸೇರಿ ಮೇಲೆ ನೊರೆ ನಿಲ್ಲುತ್ತದೆ, ಟೀ ಕುಡಿಯುವ ಹದಕ್ಕೆ ಆರುತ್ತದೆ. ನೊರೆ ಇಲ್ಲದ ಲೋಟ ಅವರ ಲೆಕ್ಕದಲ್ಲಿ ಸರಿಯಾದ ಟೀ ಅಲ್ಲ.

ಈ ಟೀ ಅಲ್ಲಿ ಅನಾದಿ ಕಾಲದ್ದೇನಲ್ಲ. ಮೊದಲು ಅರಮನೆ, ಶ್ರೀಮಂತರ ಮನೆಗಳಲ್ಲಿ ಮಾತ್ರ ಇತ್ತು. 1853ರಿಂದ 1856ರವರೆಗೆ ನಡೆದ ಕ್ರಿಮಿಯಾ ಯುದ್ಧದಲ್ಲಿ ಬ್ರಿಟಿಷ್ ವ್ಯಾಪಾರಿಗಳ ಚೀನೀ ಟೀಗೆ ಬಾಲ್ಟಿಕ್ ಸಮುದ್ರದ ಕಡೆಯ ಮಾರುಕಟ್ಟೆ ತಪ್ಪಿತು. ಆ ಸರಕನ್ನು ಮೊರಾಕೊದ ಟ್ಯಾಂಜಿಯರ್, ಎಸ್ಸೌಯಿರಾ ಬಂದರುಗಳಿಗೆ ತಂದು ಮಾರಿದರು. ಜನ ಮೊದಲಿಂದಲೂ ಕುದಿಸಿ ಕುಡಿಯುತ್ತಿದ್ದ ಪುದೀನಕ್ಕೆ ಅದು ಸೇರಿಕೊಂಡಿತು. ಬಾಬಾ ಬುಡನ್ 1670ರ ಸುಮಾರಿಗೆ ಯೆಮನ್‌ನ ಮೋಕಾದಿಂದ ಏಳು ಕಾಫಿ ಬೀಜ ತಂದರು ಅಂತ ಹೇಳುವ ಊರಿನವರಿಗೆ ಇದು ಆಶ್ಚರ್ಯ ಅಲ್ಲ. ಒಂದೇ ವ್ಯತ್ಯಾಸ, ನಾವು ಬೀಜ ಬಿತ್ತಿ ಬೆಳೆದೆವು. ಮೊರಾಕೊದವರು ಇವತ್ತಿಗೂ ಟೀ ಎಲೆಯನ್ನು ಚೀನಾದಿಂದಲೇ ತರಿಸುತ್ತಾರೆ.

ಆ ಎಲೆಯ ಹೆಸರು ಗನ್‌ಪೌಡರ್ ಟೀ. ಹಸಿರು ಟೀ ಎಲೆಯನ್ನು ಪುಟ್ಟ ಪುಟ್ಟ ಗುಂಡುಗಳಾಗಿ ಉರುಳಿಸಿ ಒಣಗಿಸಿರುತ್ತಾರೆ. ನೋಡಲು ಮೆಣಸಿನ ಕಾಳಿಗಿಂತ ಚಿಕ್ಕದು, ಬಿಸಿನೀರಿಗೆ ಬಿದ್ದರೆ ಅರಳುತ್ತದೆ. ಸ್ವಲ್ಪ ಹೊಗೆಯ ರುಚಿ, ಗಟ್ಟಿ ಒಗರು. ಆ ಒಗರು ಇರುವುದರಿಂದಲೇ ಅಷ್ಟು ಸಕ್ಕರೆ, ಅಷ್ಟು ಪುದೀನ ತಡೆದುಕೊಳ್ಳುತ್ತದೆ.

ನಾನು ಎಡವಿದ್ದು ಇಲ್ಲೇ. ಮೊದಲ ಸಲ ಮನೆಯಲ್ಲಿದ್ದ ಗ್ರೀನ್ ಟೀ ಬ್ಯಾಗ್ ಹಾಕಿದೆ. ಅದರಲ್ಲಿರುವುದು ಎಲೆಯ ಪುಡಿ. ಎರಡೇ ನಿಮಿಷಕ್ಕೆ ಕಹಿ ಬಿಟ್ಟುಕೊಂಡಿತು. ಎರಡನೇ ಸಲ ನಮ್ಮ ಮಾಮೂಲಿ ಟೀ ಪುಡಿ ಹಾಕಿ, ಪುದೀನ ಸೇರಿಸಿ, ಐದು ನಿಮಿಷ ಕುದಿಸಿದೆ. ಅತ್ತೆ ಒಂದು ಗುಟುಕು ಕುಡಿದು, "ಯಾರಿಗಮ್ಮ ನೆಗಡಿ?" ಅಂತ ಕೇಳಿದರು. ಸರಿಯಾಗೇ ಕೇಳಿದರು. ಅದು ಕಷಾಯವೇ ಆಗಿತ್ತು. ಮೂರನೇ ಸಲ ಆನ್‌ಲೈನಿನಲ್ಲಿ ಗನ್‌ಪೌಡರ್ ಅಂತ ಹೆಸರಿದ್ದ ಪೊಟ್ಟಣ ತರಿಸಿದೆ. ಒಡೆದು ನೋಡಿದರೆ ಗುಂಡೂ ಇಲ್ಲ, ಏನೂ ಇಲ್ಲ, ಚಪ್ಪಟೆ ಎಲೆ. ಹಿಂದಕ್ಕೆ ಕಳಿಸಿದೆ. ಹಾಗಾಗಿ ಕೊಳ್ಳುವ ಮುಂಚೆ ಎಲೆಯ ಫೋಟೊ ನೋಡಿ. ಉಂಡೆಯಾಗಿ ಸುತ್ತಿಕೊಂಡಿರಬೇಕು, ಸ್ವಲ್ಪ ಹೊಳಪಿರಬೇಕು.

ಅದು ಸಿಗಲೇ ಇಲ್ಲ ಅಂದರೆ ನೀಲಗಿರಿ ಕಡೆಯ ಇಡೀ ಎಲೆಯ ಗ್ರೀನ್ ಟೀ ಪರವಾಗಿಲ್ಲ. ಹೊಗೆಯ ರುಚಿ ಬರುವುದಿಲ್ಲ, ಸ್ವಲ್ಪ ತೆಳು. ರೂಪಾಯಿಗೆ ಹತ್ತಾಣೆ ಅನ್ನಿ. ಗನ್‌ಪೌಡರ್ ಹಾಕಿದರೆ ಹದಿನಾಲ್ಕಾಣೆಯವರೆಗೆ ಬರುತ್ತದೆ. ಇನ್ನೆರಡಾಣೆ ಆ ಚೌಕದಲ್ಲೇ ಉಳಿಯಿತು.

ಮಾಡುವ ಕ್ರಮ ಹೀಗೆ. ಅರ್ಧ ಲೀಟರ್ ನೀರಿಗೆ ಎರಡು ಟೀ ಚಮಚ ಗನ್‌ಪೌಡರ್. ಎಲೆಯನ್ನು ಪಾತ್ರೆಗೆ ಹಾಕಿ ಒಂದು ಸಣ್ಣ ಲೋಟ ಕುದಿಯುವ ನೀರು ಸುರಿಯಿರಿ. ಒಂದು ನಿಮಿಷ ಬಿಟ್ಟು ಆ ನೀರನ್ನು ಮೆಲ್ಲಗೆ ಬಗ್ಗಿಸಿ ಪಕ್ಕಕ್ಕಿಡಿ, ಚೆಲ್ಲಬೇಡಿ. ಟೀಯ ಸತ್ವ ಅದರಲ್ಲಿದೆ. ಇನ್ನೊಂದು ಲೋಟ ಬಿಸಿನೀರು ಹಾಕಿ, ಪಾತ್ರೆಯನ್ನು ಗುಂಡಗೆ ತಿರುಗಿಸಿ, ಈ ಸಲದ ಕದಡಿದ ನೀರನ್ನು ಚೆಲ್ಲಿ. ಕಹಿ ಹೋಗುವುದು ಇದರಲ್ಲಿ. ಈಗ ಎತ್ತಿಟ್ಟ ಮೊದಲ ಲೋಟವನ್ನು ವಾಪಸ್ ಹಾಕಿ, ಉಳಿದ ನೀರು ತುಂಬಿಸಿ, ಸಣ್ಣ ಉರಿಯಲ್ಲಿ ಒಂದು ಕುದಿ ಬರಿಸಿ. ಉರಿ ಆರಿಸಿ. ಕಡ್ಡಿ ಸಮೇತ ಒಂದು ದೊಡ್ಡ ಹಿಡಿ ಪುದೀನ, ನಾಲ್ಕೈದು ಚಮಚ ಸಕ್ಕರೆ ಹಾಕಿ ಮುಚ್ಚಿಡಿ. ಮೂರರಿಂದ ಐದು ನಿಮಿಷ ಸಾಕು. ಚಮಚದಿಂದ ಕಲಕುವುದಿಲ್ಲ. ಒಂದು ಲೋಟಕ್ಕೆ ಸುರಿದು ಮತ್ತೆ ಪಾತ್ರೆಗೇ ಹುಯ್ಯುತ್ತಾರೆ, ಎರಡು ಮೂರು ಸಲ. ಆಮೇಲೆ ಕೈ ಎತ್ತರಿಸಿ ಬಡಿಸುವುದು. ಮೊದಲ ದಿನ ಸಿಂಕಿನ ಮೇಲೆ ನಿಂತು ಅಭ್ಯಾಸ ಮಾಡಿ, ನನ್ನ ಹಾಗೆ ಸೀರೆ ಮೇಲೆ ಬೇಡ.

ಪುದೀನವನ್ನು ಕುದಿಸಬಾರದು, ಹೆಚ್ಚು ಹೊತ್ತು ಪಾತ್ರೆಯಲ್ಲಿ ಬಿಡಲೂಬಾರದು. ಎಲೆ ಕಂದಾಗುತ್ತದೆ, ರುಚಿ ಒಣ ಹುಲ್ಲಿನಂತಾಗುತ್ತದೆ.

ಸಕ್ಕರೆ ಬದಲು ಬೆಲ್ಲ ಹಾಕಬಹುದಾ ಅಂತ ನಮ್ಮ ಕಡೆ ಎಲ್ಲರೂ ಕೇಳುತ್ತಾರೆ. ನಾನೂ ಹಾಕಿ ನೋಡಿದೆ. ಬೆಲ್ಲದ ಕಾಫಿ ಕುಡಿದು ಬೆಳೆದ ನಾಲಿಗೆಗೂ ಹಿಡಿಸಲಿಲ್ಲ. ಬೆಲ್ಲದ ವಾಸನೆ ಮುಂದೆ ಬಂದು ಪುದೀನ ಹಿಂದೆ ಹೋಗುತ್ತದೆ, ಬಣ್ಣ ಕೆಸರು ನೀರು. ಸಕ್ಕರೆ ಕಾಯಿಲೆ ಇರುವವರು ಸಿಹಿ ಹಾಕದೇ ಕುಡಿಯಬಹುದು. ಆದರೆ ಅದು ಮೊರಾಕೊದ್ದಲ್ಲ, ಪುದೀನ ಹಾಕಿದ ಗ್ರೀನ್ ಟೀ. ಹಾಗೆ ತಿಳಿದುಕೊಂಡೇ ಕುಡಿದರೆ ಬೇಜಾರಿಲ್ಲ.

ಮಳೆಗಾಲದಲ್ಲಿ ಪುದೀನ ಸಿಗದಾಗ ನಾನು ಅರ್ಧ ಪುದೀನ, ಅರ್ಧ ಮಜ್ಜಿಗೆ ಹುಲ್ಲು ಹಾಕುತ್ತೇನೆ. ಇದು ಮೋಸ ಅಲ್ಲ. ಅಲ್ಲಿಯೂ ನಿಂಬೆ ವಾಸನೆಯ ಲೂಯಿಜಾ ಎಲೆ ಸೇರಿಸುವುದುಂಟು. ಚಳಿಗಾಲದಲ್ಲಿ ಶೀಬಾ ಅಂತ ಒಂದು ಕಹಿ ಸೊಪ್ಪು ಹಾಕುತ್ತಾರೆ. ಟ್ಯುನೀಸಿಯಾದಲ್ಲಂತೂ ಲೋಟದೊಳಗೆ ಪೈನ್ ಮರದ ಬೀಜ ತೇಲಿಬಿಡುತ್ತಾರೆ. ಗೋಡಂಬಿ ಹಾಕಿದರೆ ಹೇಗೆ ಅಂತ ನಮ್ಮ ಮನೆಯವರು ಕೇಳಿದರು. ಹಾಕಲಿಲ್ಲ.

ಲೆಮನ್ ಮಿಂಟ್: ಹದಿನಾರಾಣೆ, ಐದು ನಿಮಿಷ

ಒಂದೇ ಒಂದು ಮಾಡುವುದಾದರೆ ಇದನ್ನು ಮಾಡಿ. ಅರಬ್ ದೇಶಗಳ ಹೋಟೆಲುಗಳಲ್ಲಿ ಎಲ್ಲೆಲ್ಲೂ ಇದೆ. ಕೆಲವೆಡೆ ಲಿಮೊನಾನಾ ಅಂತಾರೆ, ಲಿಮೊನ್ ಮತ್ತು ನಾನಾ ಸೇರಿ ಆದ ಹೆಸರು. ಗಲ್ಫ್‌ನಲ್ಲಿ ಕೆಲಸ ಮಾಡಿ ಬಂದ ಯಾರನ್ನು ಕೇಳಿದರೂ ಗೊತ್ತಿರುತ್ತದೆ.

ನಾಲ್ಕು ಲೋಟಕ್ಕೆ ಮೂರು ನಿಂಬೆಹಣ್ಣಿನ ರಸ, ಒಂದು ಬಟ್ಟಲು ತುಂಬ ಪುದೀನ ಎಲೆ (ಕಡ್ಡಿ ಬೇಡ), ಆರು ದೊಡ್ಡ ಚಮಚ ಸಕ್ಕರೆ ಪಾಕ, ಎರಡು ಲೋಟ ತಣ್ಣೀರು, ಒಂದು ಟ್ರೇ ಐಸ್. ಮಿಕ್ಸಿಯಲ್ಲಿ ಇಪ್ಪತ್ತು ಸೆಕೆಂಡ್. ಅಷ್ಟೇ. ಸಕ್ಕರೆಯನ್ನು ಹಾಗೇ ಹಾಕಿದರೆ ತಣ್ಣೀರಿನಲ್ಲಿ ಕರಗದೆ ತಳದಲ್ಲಿ ಕೂರುತ್ತದೆ. ಮೊದಲೇ ಪಾಕ ಮಾಡಿ ಫ್ರಿಜ್‌ನಲ್ಲಿಟ್ಟರೆ ಬೇಸಿಗೆ ಪೂರ್ತಿ ಆರಾಮ.

ತಪ್ಪಾಗುವುದು ಎರಡೇ ಕಡೆ. ಒಂದು, ನಿಂಬೆ ಬೀಜ ಅಥವಾ ಬಿಳಿ ಸಿಪ್ಪೆ ಮಿಕ್ಸಿಗೆ ಹೋದರೆ ಕಹಿ. ಎರಡು, ಮೊದಲೇ ಮಾಡಿ ಇಟ್ಟರೆ ಬಣ್ಣ ಕಂದು. ಪುದೀನ ಎಲೆ ಜಜ್ಜಿದ ಕೂಡಲೇ ಗಾಳಿ ತಗುಲಿ ಕಪ್ಪಾಗಲು ಶುರುವಾಗುತ್ತದೆ, ಕತ್ತರಿಸಿಟ್ಟ ಸೇಬು, ಬದನೆಕಾಯಿ ಕಪ್ಪಾಗುವ ಹಾಗೆ. ನಿಂಬೆಯ ಹುಳಿ ಅದನ್ನು ಸ್ವಲ್ಪ ತಡೆಯುತ್ತದೆ, ಪೂರ್ತಿ ಅಲ್ಲ. ಅದಕ್ಕೇ ನೆಂಟರು ಬಂದು ಕೂತ ಮೇಲೆ ಮಿಕ್ಸಿ ಹಾಕಿ. ಕರೆಂಟ್ ಹೋದರೆ ಕಥೆ ಮುಗಿಯಿತು, ಅವತ್ತು ಪಾನಕವೇ ಗತಿ.

ನಿಂಬೆ ಬದಲು ಹೇರಳೆಕಾಯಿ ರಸ ಹಾಕಿ ನೋಡಿದೆ. ದುಬೈಯದಕ್ಕಿಂತ ಚೆನ್ನಾಗಿತ್ತು. ಇದನ್ನು ಮಗಳಿಗೆ ಫೋನಿನಲ್ಲಿ ಹೇಳಿದಾಗ, "ಅಮ್ಮ, ನಿಂಗೆ ನಮ್ಮೂರಿಂದೇ ಯಾವಾಗ್ಲೂ ಚೆನ್ನಾಗಿರೋದು" ಅಂತ ನಕ್ಕಳು. ಇರಬಹುದು. ಆದರೂ ಹೇರಳೆಯಲ್ಲಿರುವ ಆ ಘಮ ಸಾದಾ ನಿಂಬೆಯಲ್ಲಿಲ್ಲ.

ಮೊಹಿಟೊ ಇದರ ದೂರದ ನೆಂಟ. ಕ್ಯೂಬಾದ್ದು, ಮೂಲದಲ್ಲಿ ರಮ್ ಇರುತ್ತದೆ. ನಮ್ಮ ರೆಸಾರ್ಟುಗಳಲ್ಲಿ ಕೊಡುವ ರಮ್ ಇಲ್ಲದ ಮೊಹಿಟೊ ಅಂದರೆ ಪುದೀನ ಜಜ್ಜಿ ಹಾಕಿದ ನಿಂಬೆ ಸೋಡ. ಅದನ್ನು ಮಾಡಲು ಮಾರ್ಗದರ್ಶಿ ಬೇಕಾ?

ದೂಗ್, ಆಯ್ರಾನ್: ಮಜ್ಜಿಗೆಯ ಅಣ್ಣತಮ್ಮಂದಿರು

ಇರಾನಿನವರು ದೂಗ್ ಅನ್ನುತ್ತಾರೆ, ತುರ್ಕಿಯವರು ಆಯ್ರಾನ್. ಎರಡೂ ಮೊಸರು, ನೀರು, ಉಪ್ಪು. ದೂಗ್‌ಗೆ ಒಣ ಪುದೀನ ಉದುರಿಸುವುದು ಮಾಮೂಲು, ಆಯ್ರಾನ್‌ಗೆ ಸಾಮಾನ್ಯವಾಗಿ ಇಲ್ಲ. ಹೋಟೆಲಿನಲ್ಲಿ ಕೊಟ್ಟ ದೂಗ್‌ನಲ್ಲಿ ಗ್ಯಾಸ್ ಇತ್ತು. ಮಜ್ಜಿಗೆ ಅಂತ ಕುಡಿದ ನಮ್ಮ ಮನೆಯವರಿಗೆ ಮೂಗಿಗೆ ಹತ್ತಿ ಕೆಮ್ಮು ಬಂತು.

ನಮ್ಮ ಮಜ್ಜಿಗೆಗೂ ಇದಕ್ಕೂ ಮುಖ್ಯ ವ್ಯತ್ಯಾಸ ಬೆಣ್ಣೆ. ಮಜ್ಜಿಗೆ ಅಂದರೆ ಕಡೆದು ಬೆಣ್ಣೆ ತೆಗೆದದ್ದು. ಇವು ಮೊಸರನ್ನೇ ನೀರು ಹಾಕಿ ಕಲಕಿದ್ದು, ಹಾಗಾಗಿ ಬಾಯಿಗೆ ದಪ್ಪ. ಅವರು ಇಂಗು, ಶುಂಠಿ, ಒಗ್ಗರಣೆ ಯಾವುದನ್ನೂ ಹಾಕುವುದಿಲ್ಲ. ಹುಳಿ ಜಾಸ್ತಿಯಾಗದ ಮೊಸರು ತಗೊಳ್ಳಿ, ಮನೆಯದ್ದಾದರೂ ಸರಿ, ನಂದಿನಿ ಪ್ಯಾಕೆಟ್ಟಾದರೂ ಸರಿ. ಒಂದು ಲೋಟ ಮೊಸರಿಗೆ ಉಪ್ಪು, ಉಜ್ಜಿ ಪುಡಿ ಮಾಡಿದ ಒಣ ಪುದೀನ ಅರ್ಧ ಚಮಚ ಹಾಕಿ ಚೆನ್ನಾಗಿ ಕಡೆಯಿರಿ. ಕೊನೆಗೆ ತಣ್ಣನೆಯ ಸೋಡ ಒಂದು ಲೋಟ, ಮೆಲ್ಲಗೆ. ಸೋಡಕ್ಕೆ ಆಮೇಲೆ ಉಪ್ಪು ಹಾಕಬೇಡಿ. ನಾನು ಹಾಕಿದೆ. ಉಕ್ಕಿ ಕಟ್ಟೆ ಮೇಲೆಲ್ಲ ಹರಿದು, ಕೆಳಗಿದ್ದ ಅಕ್ಕಿ ಡಬ್ಬಿಯವರೆಗೂ ಹೋಯಿತು.

ಕಷ್ಟ ಇರುವುದು ಒಣ ಪುದೀನದಲ್ಲಿ. ಹಸಿ ಪುದೀನ ಹಾಕಿದರೆ ಅದು ನಮ್ಮ ಮಸಾಲೆ ಮಜ್ಜಿಗೆಯೇ ಆಗುತ್ತದೆ. ಒಣಗಿದ್ದರ ರುಚಿ ಬೇರೆ, ಮಣ್ಣಿನ ಕಡೆಯದು. ಬೇಸಿಗೆಯಲ್ಲಿ ನೆರಳಲ್ಲಿ ಬಟ್ಟೆ ಮೇಲೆ ಹರಡಿದರೆ ಮೂರು ನಾಲ್ಕು ದಿನಕ್ಕೆ ಗರಿಗರಿ. ಬಿಸಿಲಿಗೆ ಇಟ್ಟರೆ ಬಣ್ಣ, ವಾಸನೆ ಎರಡೂ ಹೋಗುತ್ತದೆ. ಜೂನ್ ಮೇಲೆ ನಮ್ಮಲ್ಲಿ ಬಟ್ಟೆಯೇ ಒಣಗುವುದಿಲ್ಲ, ಸೊಪ್ಪೆಲ್ಲಿ? ಬಚ್ಚಲ ಒಲೆಯ ಮೇಲೆ ಜರಡಿ ಕಟ್ಟಿ ಒಣಗಿಸಿದೆ. ಚೆನ್ನಾಗಿ ಒಣಗಿತು, ಕುಡಿದರೆ ಹೊಗೆ. ಅದನ್ನು ಹೇಗೋ ಉಪ್ಪಿಟ್ಟಿಗೆ ಹಾಕಿ ಮುಗಿಸಿದೆ. ಆದ್ದರಿಂದ ದೂಗ್ ಬೇಕೆನ್ನುವವರು ಏಪ್ರಿಲ್‌ನಲ್ಲೇ ಒಂದು ಗಾಜಿನ ಸೀಸೆ ತುಂಬಿಸಿಟ್ಟುಕೊಳ್ಳಿ.

ಊಟದ ಜೊತೆ ಕುಡಿಯಲು ನಾಲ್ಕರಲ್ಲಿ ಇದೊಂದೇ ಸರಿ. ಆದರೆ ಮನೆಯಲ್ಲಿ ದಿನಾ ಮಜ್ಜಿಗೆ ಇರುವವರಿಗೆ ಇದರಿಂದ ಹೊಸದಾಗಿ ಸಿಗುವುದು ಸ್ವಲ್ಪವೇ. ಮಕ್ಕಳಿಗೆ ಮಾತ್ರ ಗ್ಯಾಸಿನ ಮಜ್ಜಿಗೆ ಅಂದರೆ ಕುತೂಹಲ.

ಸೆಕಂಜಬೀನ್: ನಾನು ಕೊನೆಗೆ ಹಿಡಿದುಕೊಂಡದ್ದು

ದುಬೈಯಲ್ಲಿ ಪಕ್ಕದ ಮನೆಯ ಅಜ್ಜಿ ಏಪ್ರಿಲ್ ಮೊದಲ ವಾರ ನಮ್ಮನ್ನು ಕರೆದರು. ಇರಾನಿನ ಹೊಸ ವರ್ಷ ನೌರೂಜ್ ಮಾರ್ಚ್ 20 ಅಥವಾ 21ಕ್ಕೆ ಬರುತ್ತದೆ. ಅದರ ಹದಿಮೂರನೇ ದಿನ ಎಲ್ಲರೂ ಮನೆಯಿಂದ ಹೊರಗೆ, ಹಸಿರಿರುವ ಕಡೆ ಹೋಗಿ ಊಟ ಮಾಡುತ್ತಾರೆ. ಸೀಜ್ದಾ ಬೆದರ್ ಅಂತ ಹೆಸರು. ನಮ್ಮ ಹೊಳೆದಂಡೆ ಊಟದ ಹಾಗೆ. ಅವರು ಹೊರಗೆ ಹೋಗಿ ಬಂದ ಮಾರನೆಯ ದಿನ ಉಳಿದದ್ದನ್ನು ನಮಗೆ ಕೊಟ್ಟರು: ಒಂದು ತಟ್ಟೆ ಲೆಟ್ಯೂಸ್ ಎಲೆ, ಪಕ್ಕದಲ್ಲಿ ಬಟ್ಟಲಿನಲ್ಲಿ ಜೇನಿನಂಥ ಪಾಕ. ಎಲೆಯನ್ನು ಅದ್ದಿ ತಿನ್ನಿ ಅಂದರು. ಹಸಿ ಸೊಪ್ಪನ್ನು ಪಾಕದಲ್ಲಿ ಅದ್ದುವುದಾ ಅಂತ ನಾನು ಮುಖ ನೋಡಿದೆ. ತಿಂದ ಮೇಲೆ ತಟ್ಟೆ ಖಾಲಿ ಮಾಡಿದ್ದು ನಾನೇ. ಆಮೇಲೆ ಅದೇ ಪಾಕಕ್ಕೆ ನೀರು, ಐಸ್, ತುರಿದ ಸೌತೆಕಾಯಿ ಹಾಕಿ ಶರಬತ್ತು ಕೊಟ್ಟರು.

ಹೆಸರಿನಲ್ಲೇ ಸಾಮಾನಿನ ಪಟ್ಟಿ ಇದೆ. ಪಾರಸಿಯಲ್ಲಿ ಸೆರ್ಕೆ ಅಂದರೆ ವಿನೆಗರ್, ಅಂಗಬೀನ್ ಅಂದರೆ ಜೇನು. ಸಾವಿರ ವರ್ಷದ ಹಿಂದೆ ವೈದ್ಯ ಇಬ್ನ್ ಸೀನಾ ಇದರ ಬಗ್ಗೆಯೇ ಒಂದು ಪುಟ್ಟ ಗ್ರಂಥ ಬರೆದಿದ್ದಾನೆ. ಯುನಾನಿ ಔಷಧದಲ್ಲಿ ಈಗಲೂ ಸಿಕಂಜಬೀನ್ ಇದೆ. ಉತ್ತರ ಭಾರತದವರ ಶಿಕಂಜಿಯ ಹೆಸರೂ ಇದೇ ಮನೆತನದ್ದು, ಅದರಲ್ಲಿ ವಿನೆಗರ್ ಹೋಗಿ ನಿಂಬೆ ಬಂತು.

ಮಾಡುವುದು ನಮಗೆ ಹೊಸದೇನಲ್ಲ, ಪಾಕ ಕಾಯಿಸಲು ಬಂದರೆ ಆಯಿತು. ಎರಡು ಬಟ್ಟಲು ಸಕ್ಕರೆ, ಒಂದು ಬಟ್ಟಲು ನೀರು ಕುದಿಸಿ. ಸಕ್ಕರೆ ಕರಗಿ ಐದು ನಿಮಿಷ ಆದ ಮೇಲೆ ಅರ್ಧ ಬಟ್ಟಲು ವಿನೆಗರ್ ಹಾಕಿ. ಸಣ್ಣ ಉರಿಯಲ್ಲಿ ಹದಿನೈದು ನಿಮಿಷ. ಎಳೆ ಪಾಕಕ್ಕೆ ಹೋಗಬಾರದು, ತೆಳು ಜೇನಿನ ಹದ ಸಾಕು. ಉರಿ ಆರಿಸಿ, ತೊಳೆದು ನೀರು ಆರಿಸಿದ ಒಂದು ಕಟ್ಟು ಪುದೀನವನ್ನು ಕಡ್ಡಿ ಸಮೇತ ಮುಳುಗಿಸಿ. ಪೂರ್ತಿ ತಣ್ಣಗಾದ ಮೇಲೆ ಸೊಪ್ಪು ಹಿಂಡಿ ತೆಗೆದು ಸೀಸೆಗೆ ತುಂಬಿ. ಸ್ಟೀಲ್ ಪಾತ್ರೆ ಇರಲಿ, ಅಲ್ಯೂಮಿನಿಯಂ ಬೇಡ, ಹುಳಿ ತಿನ್ನುತ್ತದೆ. ಕುಡಿಯುವಾಗ ಒಂದು ಪಾಲು ಪಾಕಕ್ಕೆ ನಾಲ್ಕೈದು ಪಾಲು ತಣ್ಣೀರು, ಮೇಲೆ ಎಳೆ ಸೌತೆಕಾಯಿ ತುರಿ.

ಎಲ್ಲ ಇರುವುದು ವಿನೆಗರ್‌ನಲ್ಲಿ. ಮೊದಲ ಸಲ ಕಿರಾಣಿ ಅಂಗಡಿಯ ಬಿಳಿ ವಿನೆಗರ್ ಹಾಕಿದೆ. ಕುದಿಯುತ್ತಿದ್ದ ಹಾಗೆ ಮನೆಯೆಲ್ಲ ಗೋಬಿ ಮಂಚೂರಿ ಗಾಡಿಯ ವಾಸನೆ. ರುಚಿಯೂ ಬರೀ ಚುಚ್ಚುವ ಹುಳಿ. ಸೇಬಿನ ವಿನೆಗರ್ ಈಗ ಇಲ್ಲಿಯ ಔಷಧದಂಗಡಿಯಲ್ಲೂ ಸಿಗುತ್ತದೆ. ದುಬಾರಿ, ನಿಜ, ಆದರೆ ಒಂದು ಸಲಕ್ಕೆ ಅರ್ಧ ಬಟ್ಟಲು ತಾನೇ. ಕೊಡಗಿನ ಕಾಚಂಪುಳಿ ಹಾಕಿದರೆ ಹೇಗೆ ಅಂತ ಅದನ್ನೂ ನೋಡಿದೆ. ಎರಡೇ ಚಮಚಕ್ಕೆ ಪಾಕ ಇದ್ದಿಲಾಯಿತು. ಅದು ಪಂದಿ ಕರಿಗೆ ಹುಟ್ಟಿದ್ದು, ಅದನ್ನು ಅಲ್ಲೇ ಬಿಡೋಣ. ಪುನರ್ಪುಳಿಯ ಪಾಕಕ್ಕೆ ಪುದೀನ ಮುಳುಗಿಸಿದ್ದು ಮಾತ್ರ ಗೆದ್ದಿತು. ಅದು ಸೆಕಂಜಬೀನ್ ಅಲ್ಲ, ಹೆಸರಿಲ್ಲದ ಏನೋ ಒಂದು, ಆದರೆ ಕೆಂಪಗೆ ಚೆಂದ ಇತ್ತು.

ಬೆಲ್ಲ ಇಲ್ಲಿ ಹೊಂದುತ್ತದೆ. ವಿನೆಗರ್‌ನ ಹುಳಿಗೆ ಬೆಲ್ಲದ ಗಟ್ಟಿ ರುಚಿ ಸರಿಜೋಡಿ. ಜೇನು ಹಾಕುವುದಾದರೆ ನಾನು ಕುದಿಸುವುದಿಲ್ಲ. ಜೇನು ಬಿಸಿ ಮಾಡಬಾರದು ಅಂತ ನಮ್ಮ ಮನೆಯಲ್ಲಿ ಕಟ್ಟುನಿಟ್ಟು. ವಿನೆಗರ್ ಕಾಯಿಸಿ, ಪುದೀನ ಹಾಕಿ, ತಣ್ಣಗಾದ ಮೇಲೆ ಜೇನು ಕಲಸುತ್ತೇನೆ.

ನನಗೆ ಇದು ಯಾಕೆ ಹಿಡಿಸಿತು ಅಂದರೆ, ಇದು ಪುದೀನ ಚೆನ್ನಾಗಿರುವ ದಿನವನ್ನು ಸೀಸೆಯಲ್ಲಿ ಹಿಡಿದಿಡುತ್ತದೆ. ಉಳಿದ ಮೂರನ್ನೂ ಮಾಡಿದ ತಕ್ಷಣ ಮುಗಿಸಬೇಕು. ಇದು ಫ್ರಿಜ್‌ನಲ್ಲಿ ತಿಂಗಳುಗಟ್ಟಲೆ ಇರುತ್ತದೆ, ಸಕ್ಕರೆಯೂ ವಿನೆಗರೂ ಎರಡೂ ಕಾಯುತ್ತವೆ. ಸೊಪ್ಪು ಸ್ವಲ್ಪ ಹಳತಾಗಿದ್ದರೂ ನಡೆಯುತ್ತದೆ. ತೋಟದಿಂದ ಬಿಸಿಲಲ್ಲಿ ಬಂದವರಿಗೆ ಎರಡು ನಿಮಿಷದಲ್ಲಿ ಲೋಟ ಕೈಗೆ. ಕರೆಂಟ್ ಬೇಡ, ಮಿಕ್ಸಿ ಬೇಡ.

ಯಾರಿಗೆ ಯಾವುದು

ದುಡ್ಡಿನ ಲೆಕ್ಕದಲ್ಲಿ ಲೆಮನ್ ಮಿಂಟ್, ದೂಗ್ ಅಗ್ಗ. ಸೆಕಂಜಬೀನ್‌ಗೆ ವಿನೆಗರ್ ಖರ್ಚು. ಮೊರಾಕೊ ಟೀಗೆ ಎಲೆ ತರಿಸಬೇಕು, ಆಮೇಲೆ ಆ ಪುಟ್ಟ ಲೋಟ, ಕೂಜ ಅಂತ ಆಸೆ ಬೆಳೆಯುತ್ತದೆ. ಲೋಟ ಕೊಳ್ಳಬಹುದು. ಕೂಜ ಬೇಡ, ಉದ್ದ ಮೂತಿಯ ಯಾವ ಕೆಟಲ್ ಆದರೂ ನೊರೆ ಬರುತ್ತದೆ.

ಮನೆಯಲ್ಲಿ ಆರೇಳು ಜನ ಒಟ್ಟಿಗೆ ಕೂತು ಹರಟುವ ಸಂಜೆಗೆ, ಅದೂ ಹೊರಗೆ ಮಳೆ ಹಿಡಿದಾಗ, ಮೊರಾಕೊ ಟೀ. ಒಬ್ಬರಿಗೋಸ್ಕರ ಅದನ್ನು ಮಾಡಬೇಡಿ, ಅಷ್ಟು ತೊಳೆದು ಬಸಿದು ಮಾಡಿದ್ದಕ್ಕೆ ಬೇಜಾರಾಗುತ್ತದೆ. ರಾತ್ರಿ ನಿದ್ದೆ ಬರದವರು ಸಂಜೆ ಐದರ ಮೇಲೆ ಕುಡಿಯಬೇಡಿ, ಗ್ರೀನ್ ಟೀಯಲ್ಲೂ ಕೆಫೀನ್ ಇದೆ. ಹುಟ್ಟುಹಬ್ಬ, ಮಕ್ಕಳ ಗುಂಪು, ಏಪ್ರಿಲ್ ಮೇ ಮಧ್ಯಾಹ್ನಕ್ಕೆ ಲೆಮನ್ ಮಿಂಟ್. ಬಿರಿಯಾನಿ ಮಾಡಿದ ದಿನ ದೂಗ್. ಒಬ್ಬಂಟಿ ಇರುವವರಿಗೆ, ಕೆಲಸಕ್ಕೆ ಹೋಗುವವರಿಗೆ ಸೆಕಂಜಬೀನ್. ಎದೆಯುರಿ ಇರುವವರು ಯಾವುದಕ್ಕೂ ಹುಷಾರು, ಕೆಲವರಿಗೆ ಪುದೀನ ಅದನ್ನು ಜಾಸ್ತಿ ಮಾಡುತ್ತದೆ.

ಯಾವುದನ್ನೇ ಆರಿಸಿದರೂ ಒಂದು ಕುಂಡದಲ್ಲಿ ಪುದೀನ ಹಾಕಿಕೊಳ್ಳಿ. ಸಂತೆಯ ಕಟ್ಟಿನಲ್ಲೇ ದಪ್ಪ ಕಡ್ಡಿ ನಾಲ್ಕು ಆರಿಸಿ, ಕೆಳಗಿನ ಎಲೆ ತೆಗೆದು ಲೋಟದ ನೀರಲ್ಲಿ ನಿಲ್ಲಿಸಿ. ವಾರ ಹತ್ತು ದಿನಕ್ಕೆ ಬೇರು ಬಿಡುತ್ತದೆ. ನೆಲಕ್ಕೆ ನೆಟ್ಟರೆ ಬೇರು ಹರಿದು ಅಂಗಳ ಪೂರ್ತಿ ಆವರಿಸಿಕೊಳ್ಳುತ್ತದೆ, ಹಾಗಾಗಿ ಕುಂಡವೇ ಸರಿ. ಬೇಸಿಗೆಯಲ್ಲಿ ಅರ್ಧ ನೆರಳು, ದಿನಾ ನೀರು. ಜೂನ್‌ನಲ್ಲಿ ಮಳೆ ಶುರುವಾದ ದಿನವೇ ಸೂರಿನ ಕೆಳಗೆ ಸರಿಸಿ. ನಾನು ಈ ಸಲ ಮೂರು ಕುಂಡ ಮಾಡಿದ್ದೆ. ಎರಡನ್ನು ಸರಿಸಿದೆ, ಒಂದನ್ನು ಮರೆತೆ. ಮರೆತದ್ದು ಹದಿನೈದು ದಿನದಲ್ಲಿ ಬೇರು ಕೊಳೆತು ಹೋಯಿತು.

ಉಳಿದ ಎರಡು ಕುಂಡದ ಮೇಲೆ ಈಗ ಅತ್ತೆಯ ಯಜಮಾನಿಕೆ. ಸೆಕಂಜಬೀನ್ ಸೀಸೆಗೆ ಕಳೆದ ವಾರ ಏಲಕ್ಕಿ ಕುಟ್ಟಿ ಹಾಕಿದ್ದಾರೆ. ಕೇಳಿದರೆ, "ಪಾನಕಕ್ಕೆ ಏಲಕ್ಕಿ ಇಲ್ದೆ ಹೇಗೆ?" ಅಂದರು.